ಮಣ್ಣಾಳಿನ ನೆರಳು

ಕಲ್ಲುಗಣಿಯಲ್ಲಿ ಬಿಸಿಲೇರಿದರೆ ಹೆಂಗಸರು ಕೂಸುಗಳನ್ನು ಮಣ್ಣಾಳಿನ ನೆರಳಲ್ಲಿ ಮಲಗಿಸುತ್ತಿದ್ದರು. ಕಲ್ಲು ಹೊರಲೆಂದು ಮಾಡಿ ಜೀವ ತುಂಬಿದ, ಎರಡಾಳೆತ್ತರದ ಆ ಮಣ್ಣಿನ ದೇಹ ನಿಲ್ಲೆಂದರೆ ಸಂಜೆಯವರೆಗೂ ಮರದಂತೆ ನಿಲ್ಲುತ್ತಿತ್ತು. ಎದೆಯ ಮೇಲಿನ ಅರಗಿನ ಮುದ್ರೆ ಗಟ್ಟಿಯಿರುವ ತನಕ ಅದರಷ್ಟು ಸಾಧು ಇನ್ನೊಂದಿಲ್ಲ. ಪಕ್ಕದ ಗಣಿಯ ಮಣ್ಣಾಳಿನ ಮುದ್ರೆ ಕಳಚಿದ ದಿನ ಹೆಣ ಎತ್ತಲೂ ಯಾರೂ ಉಳಿದಿರಲಿಲ್ಲ.

ಅಂದು ನೆರಳಲ್ಲಿದ್ದುದು ದ್ಯಾವಮ್ಮನ ಮೊಮ್ಮಗಳೊಬ್ಬಳೇ. ನೀರು ಕುಡಿಸಲು ಬಂದ ದ್ಯಾವಮ್ಮ ಕೌದಿಯ ಮೇಲೆ ಕೆಂಪು ಹನಿ ಕಂಡಳು. ರಕ್ತವಲ್ಲ, ಅರಗು. ಬಿಸಿಲಿಗೆ ಮುದ್ರೆ ಕರಗಿ ಜಾರುತ್ತಿತ್ತು.

ಕೂಗಿದರೆ ಅದು ದನಿಯತ್ತ ತಿರುಗುತ್ತದೆ, ತಿರುಗಿದರೆ ಮುದ್ರೆ ಬೀಳುತ್ತದೆ. ಅವಳು ಉಸಿರು ಬಿಗಿಹಿಡಿದು ಕಲ್ಲಿನ ಅಟ್ಟಿ ಹತ್ತಿ, ಮುದ್ರೆಯನ್ನು ಅಂಗೈಯಿಂದ ಒತ್ತಿ, ಮೇಲೆ ತಂದ ನೀರಲ್ಲಿ ನೆನೆಸಿದ ಸೆರಗು ಹೊದಿಸಿದಳು.

ಅತ್ತ ಬಂದ ಜೊತೆಗೆಲಸದ ಹುಸೇನಬಿ ಕಿಸಕ್ಕೆಂದಳು. “ಏನಬೇ ಯಕ್ಕಾ, ಈ ವಯಸ್ಸಿನಾಗ ಹೊಸ ಗಂಡನ ಹಿಡ್ದೀ?”

“ನಗಬ್ಯಾಡ. ಮುದ್ರಿ ಕರಗ್ಯದ. ಮೆಲ್ಲಕ ಕೂಸಿನ್ನ ಎತ್ಕೋ.”

ಹುಸೇನಬಿಯ ಮುಖ ಬಿಳಿಚಿತು. ಕೂಸನ್ನೆತ್ತಿ ಪಿಸುಗುಟ್ಟಿದಳು. “ನೀನೂ ಬಾ.”

ದ್ಯಾವಮ್ಮ ಕೈಯನ್ನು ಕೊಂಚ ಎಳೆದು ನೋಡಿದಳು. ಅರಗು ಅಂಗೈಗೆ ಅಂಟಿಕೊಂಡಿತ್ತು. “ಕೈ ತೆಗದ್ರ ಮುದ್ರೀನೂ ಬರ್ತದ. ನೀ ನಡಿ ತಂಗಿ.”

ಹುಸೇನಬಿ ಹತ್ತು ಹೆಜ್ಜೆ ಹೋಗಿರಲಿಲ್ಲ, ಕೂಸು ಎಚ್ಚೆತ್ತು ಅಜ್ಜಿಗಾಗಿ ಕಿರುಚಿತು.

ದ್ಯಾವಮ್ಮನ ಅಂಗೈಯಡಿಯ ಎದೆ ಆ ದನಿಯತ್ತ ಮೆಲ್ಲಗೆ ತಿರುಗತೊಡಗಿತು.