ಎಡಗಡೆಯ ಸಾಲು

ಎಡಗಡೆಯ ಸಾಲಿನ ಗಿಡದ ಬೇರಿನಲ್ಲಿ ಸೀಸ ಸಿಕ್ಕಿತು. ಸಿಗಬಾರದಿತ್ತು.

ಸಸ್ಯತಜ್ಞೆ ಯಂತ್ರವನ್ನು ತೊಳೆದು ಮತ್ತೊಮ್ಮೆ ಅಳೆದಳು. ಅದೇ ಉತ್ತರ. ಇನ್ನೊಂದು ಗಿಡ ಕಿತ್ತು ತಂದಳು. ಅದರಲ್ಲೂ ಸೀಸ. ಎರಡು ವರ್ಷದ ಕೆಲಸ ಮಣ್ಣುಪಾಲಾಗುವುದು ಆ ಪುಟ್ಟ ಪರದೆಯ ಮೇಲೆ ಕಾಣುತ್ತಿತ್ತು.

ಕೆಲಸವೇನೋ ಸರಳವೇ. ಹಸಿರುಮನೆಯಲ್ಲಿ ಎರಡು ಸಾಲು ಸಾಸಿವೆ. ಬಲಗಡೆಯ ಸಾಲಿಗೆ ಸೀಸ ಬೆರೆಸಿದ ನೀರು, ಎಡಗಡೆಯ ಸಾಲಿಗೆ ಯಂತ್ರದಲ್ಲಿ ಶುದ್ಧ ಮಾಡಿದ ನೀರು. ಎರಡನ್ನೂ ಹೋಲಿಸಿ, ಈ ತಳಿ ಎಷ್ಟು ವಿಷ ತಡೆದುಕೊಳ್ಳುತ್ತದೆ ಎಂದು ಹೇಳಬೇಕು. ತಡೆದುಕೊಂಡರೆ, ಮುಚ್ಚಿ ಹತ್ತು ವರ್ಷವಾದ ಬ್ಯಾಟರಿ ಕಾರ್ಖಾನೆಯ ಹಾಳು ನೆಲದಲ್ಲಿ ಬಿತ್ತುತ್ತಾರೆ. ಇದು ಕೊನೆಯ ಬಿತ್ತನೆ. ವರದಿ ಒಪ್ಪಿಸಲು ಇನ್ನು ಎಂಟೇ ದಿನ.

ಸಾಸಿವೆ ಗಟ್ಟಿ ಜೀವ. ಸೀಸ ಬಂದರೆ ಬೇರಿನಲ್ಲೇ ಹಿಡಿದು ಕೂಡಿಹಾಕುತ್ತದೆ. ತಪ್ಪಿಸಿಕೊಂಡು ಮೇಲೆ ಹೋದದ್ದನ್ನು ಮುದಿ ಎಲೆಗಳಿಗೆ ತುಂಬಿ ಉದುರಿಸುತ್ತದೆ. ಎಳೆಯ ಚಿಗುರನ್ನು ಮಾತ್ರ ಆದಷ್ಟು ಮುಟ್ಟಗೊಡುವುದಿಲ್ಲ. ಹಾಗಾಗಿ ಎಡಗಡೆಯ ಸಾಲನ್ನು ಕಂಡು ಯಾರಿಗೂ ಅನುಮಾನ ಬಂದಿರಲಿಲ್ಲ. ಮೇಲೆ ಹಸಿರು ನಳನಳಿಸುತ್ತಿತ್ತು. ಕಿತ್ತಾಗಲೇ ಗೊತ್ತಾಗಿದ್ದು, ಬೇರುಗಳು ಗಿಡ್ಡವಾಗಿ ಕಪ್ಪಗಾಗಿದ್ದವು.

ಹಸಿರುಮನೆಯ ಬೀಗದಕೈ ಇಬ್ಬರ ಬಳಿ ಇತ್ತು. ಒಂದು ಅವಳದು, ಇನ್ನೊಂದು ಮಾಲಿಯದು.

ಅವಳು ಗೇಟಿನ ಕಾವಲುಗಾರನನ್ನು ಕೇಳಿದಳು.

“ಮಾಲಿ ದಿನಾ ಎಲ್ಲರಿಗಿಂತ ಮುಂಚೆ ಬರ್ತಾನೆ ಮೇಡಂ. ಸೈಕಲ್ಲಿಗೆ ಒಂದು ಕ್ಯಾನ್ ಕಟ್ಕೊಂಡು. ಎಡಗಡೆ ಸಾಲಿಗೆ ಅವನು ಮಾಡೋ ಉಪಚಾರ ನೋಡ್ಬೇಕು. ನನ್ನ ಹೆಂಡತಿ ನನಗೂ ಅಷ್ಟು ಮಾಡಲ್ಲ.”

“ಕ್ಯಾನಲ್ಲಿ ಏನಿರುತ್ತೆ?”

“ಕೇಳಿದ್ರೆ ಸುಮ್ಮನೆ ಹೋಗ್ತಾನೆ. ಮಗಳು ಹೋದ ಮೇಲೆ ಅವನ ಬಾಯಲ್ಲಿ ಮಾತೇ ಇಲ್ಲ ಬಿಡಿ.”

ಅವಳಿಗೆ ಕಾರಣ ಊಹಿಸುವುದು ನೀರು ಕುಡಿದಷ್ಟು ಸುಲಭವಾಗಿತ್ತು.

ಮೂರು ತಿಂಗಳ ಹಿಂದೆ ಮಾಲಿ ಅವಳ ಮೇಜಿನ ಮುಂದೆ ನಿಂತು ಒಂದು ವಾರ ರಜೆ ಕೇಳಿದ್ದ. ಒಂಬತ್ತು ವರ್ಷದ ದೊಡ್ಡ ಮಗಳಿಗೆ ಹೊಟ್ಟೆನೋವು, ಊಟ ಸೇರುತ್ತಿಲ್ಲ, ಬಿಳಿಚಿಕೊಂಡಿದ್ದಾಳೆ. ಹದಿನೈದು ದಿನ ಆಸ್ಪತ್ರೆಯಲ್ಲಿದ್ದು ಗೆಲುವಾಗಿ ಬಂದವಳು ಮನೆಯಲ್ಲಿ ಮತ್ತೆ ಹಾಸಿಗೆ ಹಿಡಿದಿದ್ದಾಳೆ. ಡಾಕ್ಟರು ರಕ್ತ ಕಡಿಮೆ ಎಂದು ಟಾನಿಕ್ ಬರೆದುಕೊಟ್ಟಿದ್ದಾರೆ. ಸಸ್ಯತಜ್ಞೆ ತಲೆ ಎತ್ತದೆ ಹೇಳಿದ್ದಳು: “ಗಿಡಕ್ಕೆ ನೀರು ತಪ್ಪಿದ್ರೆ ಎಲ್ಲ ಮೊದಲಿಂದ ಶುರು ಮಾಡ್ಬೇಕು. ಎರಡು ದಿನ ತಗೊಳ್ಳಿ.” ಮೂರನೆಯ ದಿನ ಮಾಲಿ ಇದೇ ಸಾಲಿಗೆ ನೀರು ಹಾಕುತ್ತಿದ್ದಾಗ ಮನೆಯಿಂದ ಫೋನ್ ಬಂತು. ಮಗುವಿಗೆ ಸೆಳೆತ ಬಂದು ಎಲ್ಲ ಮುಗಿದಿತ್ತು.

ಅವನು ಒಂದು ಮಾತೂ ಆಡಿರಲಿಲ್ಲ. ಎಲ್ಲ ಹೊಟ್ಟೆಗೆ ಹಾಕಿಕೊಂಡಿದ್ದಾನೆ ಎಂದು ಅವಳು ನಂಬಿದ್ದಳು. ಎಲ್ಲಿಯ ಮಾತು! ಅವನ ಮನೆ ಇರುವುದೇ ಆ ಹಳೆಯ ಬ್ಯಾಟರಿ ಕಾರ್ಖಾನೆಯ ಹಿಂಗೋಡೆಗೆ ಆತುಕೊಂಡು. ಸೀಸದ ಬೂದಿ ಅಲ್ಲಿ ರಾಶಿ ಬಿದ್ದಿದೆ. ಒಂದು ಹಿಡಿ ತಂದು ನೀರಿಗೆ ಕದಡಿದರೆ ಸಾಯುವ ಮಗಳನ್ನು ಬಿಟ್ಟು ಕಾದ ಗಿಡಗಳ ಮೇಲೆ ಸೇಡು ತೀರಿತು. ತಪ್ಪು ತನ್ನದೂ ಇದೆ ಎಂದು ಅವಳಿಗೆ ಅನ್ನಿಸಿತು. ಅನ್ನಿಸಿದ್ದರಿಂದಲೇ ಸಿಟ್ಟು ಇನ್ನೂ ಏರಿತು.

ಮರುದಿನ ಬೆಳಗ್ಗೆ ಅವಳೇ ಮೊದಲು ಬಂದು ಗೊಬ್ಬರದ ಚೀಲಗಳ ಹಿಂದೆ ನಿಂತಳು. ಮಾಲಿ ಬಂದ. ಕ್ಯಾನಿನಿಂದ ಲೋಟಕ್ಕೆ, ಲೋಟದಿಂದ ಬುಡಕ್ಕೆ, ಒಂದು ತೊಟ್ಟೂ ಹೊರಗೆ ಚೆಲ್ಲದಂತೆ ಹಾಕುತ್ತಾ ಹೋದ. ಕೊನೆಯ ಗಿಡದ ಎಲೆಯ ಧೂಳನ್ನು ಹೆಗಲ ಮೇಲಿನ ಬಟ್ಟೆಯಿಂದ ಒರೆಸಿದ.

“ಏನು ಹಾಕ್ತಿದ್ದೀರಿ?”

ಅವನು ಬೆಚ್ಚಿಬಿದ್ದು ಕ್ಯಾನನ್ನು ಕಾಲ ಹಿಂದೆ ಸರಿಸಿದ. “ನೀರು ಮೇಡಂ. ಬರೀ ನೀರು.”

“ಬರೀ ನೀರಾದ್ರೆ ಯಾಕೆ ಬಚ್ಚಿಡ್ತೀರಿ?”

“ಬೈತೀರೇನೋ ಅಂತ.”

ಅವಳು ಕ್ಯಾನ್ ಕಿತ್ತುಕೊಂಡು ಹೋದಳು. ಯಂತ್ರ ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ಬಲಗಡೆಯ ಸಾಲಿಗೆ ಅವಳು ಕೈಯಾರೆ ಬೆರೆಸುತ್ತಿದ್ದ ವಿಷಕ್ಕೂ ಈ ನೀರಿಗೂ ಅಂಥ ವ್ಯತ್ಯಾಸವಿರಲಿಲ್ಲ.

ಕೆಲಸದಿಂದ ತೆಗೆಯುವ ಕಾಗದ ಬರೆಯುವಾಗ, ಅವನಿಗೆ ಐದು ವರ್ಷದ ಇನ್ನೊಬ್ಬಳು ಮಗಳಿದ್ದಾಳೆ ಎಂಬುದು ನೆನಪಾಗಿ ಕೈ ನಿಂತಿತು. ಆದರೂ ಬರೆದಳು. ಮಾಲಿಯನ್ನು ಕರೆಸಿದಳು. ಮೂರು ತಿಂಗಳ ಹಿಂದೆ ನಿಂತ ಜಾಗದಲ್ಲೇ ಅವನು ಬಂದು ನಿಂತ.

“ಇದರಲ್ಲಿ ಸೀಸ ಇದೆ. ನನ್ನ ಮೇಲೆ ಸಿಟ್ಟಿದ್ರೆ ನನ್ನನ್ನ ಬಯ್ಯಬೇಕಿತ್ತು. ಗಿಡ ಏನು ಮಾಡಿತ್ತು? ಹೇಳಿ, ಎಲ್ಲಿಂದ ತಂದ್ರಿ ಇದನ್ನ?”

ಮಾಲಿ ಅವಳ ಮುಖವನ್ನೇ ನೋಡಿದ. ಪ್ರಶ್ನೆ ಅವನಿಗೆ ಅರ್ಥವಾದಂತೆ ಕಾಣಲಿಲ್ಲ.

“ಸಿಟ್ಟು ಯಾಕೆ ಮೇಡಂ? ಎಡಗಡೆ ಸಾಲಿಗೆ ಒಳ್ಳೇ ನೀರು ಹಾಕಿ, ಮಕ್ಕಳ ಥರ ನೋಡ್ಕೊಳ್ಳಿ ಅಂತ ನೀವೇ ಹೇಳಿದ್ರಿ. ದೊಡ್ಡವಳನ್ನಂತೂ ಉಳಿಸ್ಕೊಳ್ಳೋಕಾಗಲಿಲ್ಲ, ಇವನ್ನಾದ್ರೂ ಉಳಿಸ್ಕೊಳ್ಳೋಣ ಅನ್ನಿಸ್ತು. ಇಲ್ಲಿನ ಯಂತ್ರದ ನೀರು ಬರೀ ಸಪ್ಪೆ, ಅದರಲ್ಲಿ ಜೀವ ಇಲ್ಲ.”

ಅವನು ಹೆಗಲ ಬಟ್ಟೆಯ ಅಂಚನ್ನು ಬೆರಳಿಗೆ ಸುತ್ತಿಕೊಂಡ.

“ಅದು ನಮ್ಮನೆ ಬಾವಿ ನೀರು ಮೇಡಂ; ಚಿಕ್ಕವಳಿಗೂ ನಿನ್ನೆಯಿಂದ ಹೊಟ್ಟೆನೋವು, ಬರೋವಾಗ ಅದನ್ನೇ ಎರಡು ಲೋಟ ಕುಡಿಸಿ ಬಂದೆ.”