ಬಲಪುಟದ ಕೈಬರಹ

ಎಲ್ಲ ಮುಗಿದು, ಬಂದವರೆಲ್ಲ ಹೊರಟುಹೋದ ಮೇಲಿನ ಮೊದಲ ಮಾಮೂಲಿ ಬೆಳಗ್ಗೆ. ಅವಳು ನರ್ಸರಿಯ ಬಾಗಿಲಲ್ಲಿ ಮಗಳ ಬ್ಯಾಗಿನಿಂದ ವರದಿ ಪುಸ್ತಕ ತೆಗೆದಳು. ಕೊಡುವಾಗ ಅದು ಕೈಜಾರಿ ತೆರೆದುಕೊಂಡಿತು. ನಿನ್ನೆಯ ತಾರೀಖು. ಗಂಡನ ಕೈಬರಹ.

ಗಂಡ ಸತ್ತು ಹನ್ನೆರಡು ದಿನವಾಗಿತ್ತು.

"ಮಗು ಮಲಗಿತು. ಬಾಳೆಹಣ್ಣು ತಿಂದಿತು. ಅಳಲಿಲ್ಲ."

ಬಾಲ ಬಲಕ್ಕೆ ಹೊರಳಿದ ಆ 'ಳ'ವನ್ನು ಅವಳು ಕತ್ತಲಲ್ಲೂ ಗುರುತಿಸಬಲ್ಲಳು.

ಪುಸ್ತಕದ ಲೆಕ್ಕ ಸರಳ. ಎಡಪುಟ ನರ್ಸರಿಯದು. ಬಲಪುಟ ಗುಂಡಜ್ಜಿಯದು. ಮಧ್ಯಾಹ್ನದಿಂದ ಸಂಜೆಯವರೆಗೆ ತನ್ನ ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವವಳು ಅವಳೇ. ಏನು ತಿಂದಿತು, ಎಷ್ಟು ಹೊತ್ತು ಮಲಗಿತು, ಎಲ್ಲಿ ಬಿತ್ತು, ಇಬ್ಬರೂ ದಿನಾ ಬರೆಯಬೇಕು. ಬರೆದು ಕಳಿಸದವರ ಕೈಗೆ ನರ್ಸರಿ ಮಗುವನ್ನು ಕೊಡುವುದಿಲ್ಲ. ಬಿಡುವುದು, ಕರೆತರುವುದು ಎರಡೂ ಗಂಡನ ಪಾಲಿನ ಕೆಲಸವಾಗಿದ್ದರಿಂದ, ಈ ಹನ್ನೆರಡು ದಿನ ಅದನ್ನು ಬಂದ ನೆಂಟರು ನೋಡಿಕೊಂಡಿದ್ದರಿಂದ, ಅವಳು ಪುಸ್ತಕವನ್ನು ಬಿಡಿಸಿ ನೋಡಿದ್ದೇ ಇಲ್ಲ.

"ಇದು ಯಾರು ಬರೆದಿದ್ದು?"

"ಗುಂಡಜ್ಜಿ. ಮತ್ತಿನ್ಯಾರು?" ಟೀಚರ್ ದನಿ ತಗ್ಗಿಸಿದಳು. "ಎಷ್ಟು ಚೆನ್ನಾಗಿ ಬರೀತಿದ್ರು ಗೊತ್ತಾ? ಓದಿ ಬಿದ್ದು ಬಿದ್ದು ನಗ್ತಿದ್ವಿ. ಈಗ ಹನ್ನೆರಡು ದಿನದಿಂದ ಸಪ್ಪೆ. ಪಾಪ, ಅವರಿಗೂ ಸಂಕಟ ಇರುತ್ತಲ್ಲ."

ಅವಳು ಮಕ್ಕಳ ಪುಟ್ಟ ಬೆಂಚಿನ ಮೇಲೆ ಕೂತು ಹಿಂದಿನ ಪುಟಗಳನ್ನು ತಿರುವಿದಳು. ಒಂದು ವರ್ಷದ ಬಲಪುಟಗಳು. ಎಲ್ಲವೂ ಗಂಡನ ಕೈಯೇ. "ಮಹಾರಾಣಿಯವರು ಎರಡು ತುತ್ತು ತಿಂದು ಸಭೆ ಬರಖಾಸ್ತು ಮಾಡಿದರು." ಮಾತೂ ಅವನದೇ. ಅವನು ಸತ್ತ ದಿನ ತಮಾಷೆ ನಿಂತಿತ್ತು. ಬರಹ ನಿಂತಿರಲಿಲ್ಲ. ಅಕ್ಷರ ದೊಡ್ಡದಾಗಿತ್ತು, ಪುಟದ ಹಿಂದೆ ಬೆರಳಿಗೆ ಸಿಗುವಷ್ಟು ಒತ್ತಿ ಬರೆದಿತ್ತು. ಅವನನ್ನು ಮಣ್ಣು ಮಾಡಿದ ದಿನದ ಪುಟದಲ್ಲಿ ಎರಡೇ ಸಾಲು.

"ಮಗು ಅಪ್ಪನನ್ನು ಕೇಳಿತು. ಬರುತ್ತಾರೆ ಅಂದೆ."

ಅವಳು ಪುಸ್ತಕ ಮುಚ್ಚಿ ಟೀಚರ್ ಕೈಗಿಟ್ಟಳು.

ಇಡೀ ದಿನ ಕಚೇರಿಯಲ್ಲಿ ಒಂದೇ ಯೋಚನೆ. ಎಂಟು ತಿಂಗಳಿಂದ ಗಂಡ ಸಂಜೆ ಒಂದು ಗಂಟೆ ತಡವಾಗಿ ಮನೆಗೆ ಬರುತ್ತಿದ್ದ. ಕೇಳಿದರೆ ಬಸ್ಸಿನ ಮೇಲೆ ಹಾಕುತ್ತಿದ್ದ. ಒಮ್ಮೆ ಅವನ ತೋಳಿನ ತುದಿಗೆ ಬಿಳಿ ಪುಡಿ ಮೆತ್ತಿತ್ತು.

"ಯಾರ ಪೌಡರ್ರೀ ಇದು?" ಎಂದು ರೇಗಿಸಿದ್ದಳು.

"ಹೇಳಿದ್ರೆ ಅವರ ಮರ್ಯಾದೆ ಹೋಗುತ್ತೆ ಕಣೇ" ಎಂದಿದ್ದ. ಇಬ್ಬರೂ ನಕ್ಕಿದ್ದರು.

ಸಂಜೆ ಗುಂಡಜ್ಜಿಯ ಅಡುಗೆಮನೆಯಲ್ಲಿ ಪುಟ್ಟ ಲೋಟಗಳು ಸಾಲಾಗಿ ಬೋರಲು ಬಿದ್ದಿದ್ದವು. ಉಳಿದ ಮಕ್ಕಳೆಲ್ಲ ಹೋಗಿಯಾಗಿತ್ತು. ಮಗಳು ನೆಲದ ಮೇಲೆ ಕೂತು ಚಮಚಗಳಿಗೆ ಜೋಗುಳ ಹಾಡುತ್ತಿದ್ದಳು.

"ನಿನ್ನೆದು ಯಾರು ಬರೆದಿದ್ದು ಗುಂಡಜ್ಜಿ?"

"ನಾನೇ ಕಣಮ್ಮ."

"ಓದಿ, ಕೇಳ್ತೀನಿ."

"ಕನ್ನಡಕ ಎಲ್ಲಿಟ್ನೋ ಏನೋ..."

"ತಲೆ ಮೇಲಿದೆ ಅಜ್ಜೀ!" ಮಗಳು ಕೂಗಿದಳು. "ಅಜ್ಜಿಗೆ ಮರೆವು! ಅಜ್ಜಿಗೆ ಮರೆವು!"

ದೊಡ್ಡವರಿಬ್ಬರೂ ನಗಲಿಲ್ಲ.

"ಇದು ನಮ್ಮನೆಯವರ ಅಕ್ಷರ" ಎಂದಳು ಅವಳು. "ಅವರು ದಿನಾ ಇಲ್ಲಿ ಒಂದು ಗಂಟೆ ಏನು ಮಾಡ್ತಿದ್ರು?"

ಗುಂಡಜ್ಜಿ ಕೈ ಒರೆಸಿಕೊಂಡಳು. ಒಣಗಿದ ಮೇಲೂ ಒರೆಸಿಕೊಳ್ಳುತ್ತಲೇ ಇದ್ದಳು.

"ಕೇಳಬೇಡಮ್ಮ. ಹೊರಗೆ ಗೊತ್ತಾದ್ರೆ ನರ್ಸರಿಯವರು ಒಂದು ಮಗೂನೂ ನನ್ನ ಕೈಗೆ ಕೊಡಲ್ಲ. ಯಾರಿಗೂ ಹೇಳಲ್ಲ ಅಂತ ಅವರು ಮಾತು ಕೊಟ್ಟಿದ್ರು. ಉಳಿಸ್ಕೊಂಡ್ರು."

"ನನಗೂ ಹೇಳಲ್ವಾ?"

"ನಿನಗೆ ಹೇಳೋಕಂತೂ ಇನ್ನೂ ನಾಚಿಕೆ. ನೀನು ಅಷ್ಟೆಲ್ಲ ಓದಿದವಳು."

ಸತ್ತವನ ಅಕ್ಷರ ಬರುವ ಮನೆಯಲ್ಲಿ, ಬಾಯಿ ಬಿಡದ ಹೆಂಗಸಿನ ಕೈಯಲ್ಲಿ, ಮೂರು ವರ್ಷದ ಮಗುವನ್ನು ಹೇಗೆ ಬಿಡುವುದು? ಉಳಿದಿರುವುದು ಅದೊಂದೇ ಜೀವ.

"ನಾಳೆಯಿಂದ ಮಗು ಬರಲ್ಲ."

ಗುಂಡಜ್ಜಿ ತಲೆಯಾಡಿಸಿದಳು, ಈ ಮಾತಿಗೆ ಎಂದಿನಿಂದಲೋ ಕಾದಿದ್ದವಳಂತೆ. ಮಗಳಿಗೆ ಅರ್ಥವಾಗಿಬಿಟ್ಟಿತು. ಓಡಿಬಂದು ಅಜ್ಜಿಯ ಕಾಲು ತಬ್ಬಿಕೊಂಡಳು. ಬಿಡಿಸಲು ಐದು ನಿಮಿಷ ಬೇಕಾಯಿತು. ಅಪ್ಪ ಹೋದಾಗ ಅಳದ ಮಗು ಈಗ ಬೀದಿಗೆ ಕೇಳುವಂತೆ ಅತ್ತಿತು.

ಬಾಗಿಲು ದಾಟುವಾಗ ಗುಂಡಜ್ಜಿ ಹಳೇ ಟವೆಲಿನಲ್ಲಿ ಸುತ್ತಿದ ಒಂದು ಚಪ್ಪಟೆ ವಸ್ತು ತಂದುಕೊಟ್ಟಳು.

"ನರ್ಸರಿದು. ಅವರು ಎರವಲು ತಂದಿದ್ರು. ಕೊಟ್ಟುಬಿಡಮ್ಮ."

ಮರುದಿನ ಬೆಳಗ್ಗೆ, ಗುಂಡಜ್ಜಿಯನ್ನು ಬಿಡಿಸಿದ್ದು ಕೇಳಿ, ಟೀಚರ್ ಫಾರಂ ಮುಂದಿಟ್ಟಳು. "ಇನ್ಮೇಲೆ ಮಧ್ಯಾಹ್ನ ಯಾರು ಬರ್ತಾರೋ ಅವರ ಹೆಸರು ಬರೀರಿ."

ಅವಳು ಮೊದಲು ಟವೆಲಿನ ಗಂಟನ್ನು ಮೇಜಿನ ಮೇಲಿಟ್ಟಳು. ಸ್ಲೇಟಿನ ಚೌಕಟ್ಟಿನ ಮೂಲೆ ಹೊರಗೆ ಇಣುಕಿತು.

"ಅಯ್ಯೋ, ನಮ್ಮ ಸ್ಲೇಟು! ಎಂಟು ತಿಂಗಳಾಯ್ತು ನಿಮ್ಮವರು ಒಯ್ದು. 'ಮಗಳಿಗೆ ಇನ್ನೂ ಅಕ್ಷರದ ವಯಸ್ಸಲ್ಲ, ಯಾಕವಸರ?' ಅಂತ ನಾನು ಬೈದೆ. ಸುಮ್ನೆ ನಕ್ಕರು."

ಅವಳು ಟವೆಲು ಬಿಡಿಸಿದಳು. ಸ್ಲೇಟನ್ನು ತನ್ನ ಕಡೆಗೆ ತಿರುಗಿಸಿಕೊಂಡು ಓದಿದಳು. ಮತ್ತೊಮ್ಮೆ ಓದಿದಳು. ಟೀಚರ್ ಕೈ ಚಾಚಿದಳು. ಅವಳು ಕೊಡಲಿಲ್ಲ. ಟವೆಲಿನ ತುದಿಯಿಂದ ಮೇಲಿನ ಸಾಲಿನಿಂದ ಕೆಳಗಿನವರೆಗೆ, ಒಂದು ಚುಕ್ಕೆಯೂ ಉಳಿಯದಂತೆ ಒರೆಸಿ, ಆಮೇಲೆ ಕೊಟ್ಟಳು.

"ಫಾರಂ ಬೇಡ" ಎಂದಳು. "ಗುಂಡಜ್ಜಿನೇ ಬರ್ತಾರೆ."

ಸ್ಲೇಟಿನ ಮೊದಲ ಸಾಲು ಗಂಡ ಬರೆದದ್ದು, 'ಮಗು ಮಲಗಿತು'. ಅದರ ಕೆಳಗೆ ಅದೇ ಮಾತು ನಾಲ್ಕು ಸಲ, ಡೊಂಕು ಡೊಂಕಾಗಿ ಶುರುವಾಗಿ, ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಥೇಟ್ ಅವನ ಅಕ್ಷರವೇ ಆಗಿತ್ತು. ಕಟ್ಟಕಡೆಗೆ, ಅದೇ ಅಕ್ಷರದಲ್ಲಿ, ಬಳಪ ಮುರಿಯುವಷ್ಟು ಒತ್ತಿ ಬರೆದ ಒಂದು ಸಾಲು: 'ಇವತ್ತು ನನ್ನ ಮೇಷ್ಟ್ರು ಬರಲಿಲ್ಲ.'