ಟೇಪು ಹಚ್ಚಿದ ಕೋಟು

"ನಾನು ಕಾಲಿಗೆ ಸ್ಕೀ ಹಲಗೆ ಕಟ್ಟಿ ಈ ಹಿಮದ ಬೆಟ್ಟ ಜಾರಿ ಇಳಿದ್ರೆ, ನನ್ನ ನೆರಳು ಮಾರನೇ ದಿನ ಬಂದು ಸೇರುತ್ತೆ ಟೀಚರ್!" ಎಂದು ಲೈಲ್ ಬೆಟ್ಟದ ನೆತ್ತಿಯಲ್ಲಿ ಕೊಚ್ಚಿಕೊಳ್ಳುತ್ತಿದ್ದಾಗಲೇ ಅವನ ಮಗಳು ಜೋಸಿ ಚೀರಿದಳು. ಹಿಮದಲ್ಲಿ ಜಾರಿಹೋದ ಹುಡುಗಿ ಕೆಳಗೆ, ಕಮರಿಯಂಚಿಗೆ ಬೇಲಿಯಾಗಿ ಕಟ್ಟಿದ್ದ ಹಗ್ಗಕ್ಕೆ ಜೋತುಬಿದ್ದಿದ್ದಳು.

ಆಕಾಶ ಹರಿದರೂ ಅಂಟಿಸಿ ಮಿಗುವಷ್ಟು ಬೆಳ್ಳಿ ಬಣ್ಣದ ಟೇಪು ಲೈಲನ ಕೋಟಿನ ಮೇಲಿತ್ತು. ಆ ಬೆಟ್ಟದಲ್ಲಿ ಕೋಟಿಗೆ ತೇಪೆ ಹೆಚ್ಚಿದಷ್ಟೂ ಆಸಾಮಿ ಸ್ಕೀಯಲ್ಲಿ ಬಿದ್ದೆದ್ದು ಪಳಗಿದವನೆಂದೇ ಲೆಕ್ಕ. ಸ್ಕೀ ಬಲ್ಲ ಹೆತ್ತವರು ಜೊತೆಗಿದ್ದರೆ ಮಾತ್ರ ಶಾಲೆಯ ಮಕ್ಕಳಿಗೆ ಆ ಬೆಟ್ಟಕ್ಕೆ ಪುಕ್ಕಟೆ ಪ್ರವೇಶ. ಬ್ರೆಂಡಾ ಟೀಚರ್ ಆ ಕೋಟು ನೋಡಿಯೇ ಅವನನ್ನು ಒಪ್ಪಿದ್ದರು.

"ನಿಂತೇ ಇದ್ದೀರಲ್ಲ ರೀ, ಇಳೀರಿ! ಮಗು ಕೈ ಸೋಲ್ತಿದೆ!" ಎಂದು ಟೀಚರ್ ಕೂಗಿದರು.

"ಅಪ್ಪಾ, ಬೇಗ ಬಾ!"

ಲೈಲನ ಕಾಲುಗಳು ಬೆಟ್ಟಕ್ಕೇ ಬೇರು ಬಿಟ್ಟಿದ್ದವು. ಅವನು ಟೀಚರ್ ತೋಳು ಹಿಡಿದುಕೊಂಡ.

"ನೀವೇ ಹೋಗಿ ಟೀಚರ್, ನಿಮ್ಮ ಕಾಲಿಗೆ ಬೀಳ್ತೀನಿ. ನಂಗೆ ಸ್ಕೀ ಬರಲ್ಲ. ಈ ಊರಲ್ಲೇ ಹುಟ್ಟಿ, ದುಡ್ಡಿದ್ದೋರ ಬಾಗಿಲ ಹಿಮ ಗೋರಿದ್ದಷ್ಟೇ ಗೊತ್ತು. ನಿಜ ಹೇಳಿದ್ರೆ ಅವಳನ್ನ ಸೇರಿಸ್ಕೋತಿರ್ಲಿಲ್ಲ. ಈ ಟೇಪು... ಬೇರೆ ಕೋಟಿಲ್ಲ, ಅದಕ್ಕೆ."